ನಮ್ಮ ಮಾವನವರ ಮೂಗು

ನಮ್ಮ ಮಾವನವರ ಮೂಗಿನ ಎಡ ಹೊಳ್ಳೆ ಬಲ ಹೊಳ್ಳೆಗಿಂತ ದೊಡ್ಡದಾಗಿತ್ತು. ಅದರೊಳಗಿಂದ ನಾಲ್ಕೈದು ಬಿಳಿ ಕೂದಲು ಆಚೆಗೆ ಚಾಚಿಕೊಂಡಿರುತ್ತಿದ್ದವು. ಏನನ್ನಾದರೂ ಮೂಸಬೇಕಾದರೆ ಹೆಬ್ಬೆರಳಿನಿಂದ ಬಲ ಹೊಳ್ಳೆ ಮುಚ್ಚಿ, ತಲೆಯನ್ನು ಕೋಳಿಯ ಹಾಗೆ ಓರೆ ಮಾಡಿ, ಎಡಗಡೆಯಿಂದಲೇ ಉಸಿರೆಳೆಯುತ್ತಿದ್ದರು. ಆಗ ಆ ಕೂದಲುಗಳು ಒಳಕ್ಕೆ ಹೋಗಿ ಮತ್ತೆ ಹೊರಕ್ಕೆ ಬರುತ್ತಿದ್ದವು. ಹದಿನಾರು ವರ್ಷ ನಾನು ಆ ಹೊಳ್ಳೆಯ ಎದುರಿಗೆ ಅಡುಗೆ ಮಾಡಿದ್ದೇನೆ.

ಮಗಳು ಕೇಳಿದಳೆಂದು ಇದನ್ನು ಬರೆಯುತ್ತಿದ್ದೇನೆ. ತಾತನ ಬಗ್ಗೆ ನಿನಗೆ ತಿಳಿದದ್ದನ್ನು ಬರೆದಿಡು ಎಂದಳು. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಅವರಿಗೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ ಎಂದು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸಲೀಸು.

ನಾನು ದೊಡ್ಡಬೆಳವಂಗಲದವಳು. ಕೊಟ್ಟಿದ್ದು ಬೂದಿಗೆರೆಗೆ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಮಾವ, ಯಜಮಾನರು, ನಾನು. ನಮ್ಮ ಯಜಮಾನರು ತೋಟದಲ್ಲಿ ಎತ್ತುಗಳ ಜೊತೆ ಎಷ್ಟು ಹೊತ್ತಾದರೂ ಮಾತಾಡುತ್ತಿದ್ದರು, ಮನೆಗೆ ಬಂದರೆ ಅಪ್ಪನೆದುರು ಬಾಯಿ ಬಿಡುತ್ತಿರಲಿಲ್ಲ. ಬಂದ ಮೂರನೆಯ ದಿನ ಮಾವನಿಗೆ ಹಾಲು ಕಾಯಿಸಿ ಕೊಟ್ಟೆ. ಬೆರಣಿ ಹಸಿಯಾಗಿತ್ತು, ಒಲೆ ಹೊಗೆಯಾಡುತ್ತಿತ್ತು. ಲೋಟವನ್ನು ಮೂಗಿನ ಹತ್ತಿರ ತಂದವರೇ ಅಂಗಳಕ್ಕೆ ಎರಚಿದರು.

"ಹೊಗೆ ಹಿಡಿದ ಹಾಲು ಕೊಡ್ತೀಯಲ್ಲಮ್ಮಿ! ನಿಮ್ ದೊಡ್ಡಬೆಳವಂಗಲದಾಗೆ ಹಸಾನೂ ಬೀಡಿ ಸೇದ್ತದಾ?"

ಜಗಲಿಯ ಮೇಲೆ ಕೂತಿದ್ದ ನಾಲ್ಕು ಜನ ನಕ್ಕರು. ಅಂದಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ‘ದೊಡ್ಡಬೆಳವಂಗಲದೋಳು’ ಎನ್ನುತ್ತಿದ್ದರು. ಎದುರಿಗಿದ್ದರೆ ‘ಅಮ್ಮಿ’ ಅಥವಾ ‘ಇವಳೇ’.

ಸ್ಕಾಚ್ ವಿಸ್ಕಿ ನಮ್ಮ ಮನೆಗೆ ಬಂದದ್ದು ಯುದ್ಧದ ಕಾಲದಲ್ಲಿ. ನಮ್ಮದು ಇಂಗ್ಲಿಷ್ ತರಕಾರಿಯ ತೋಟ. ಕೋಸು, ನವಿಲುಕೋಸು, ಬೀಟ್‌ರೂಟು, ಹುರುಳಿಕಾಯಿ. ಬೆಂಗಳೂರಿನ ದಂಡಿನಲ್ಲಿ ಸೋಲ್ಜರುಗಳು ತುಂಬಿಕೊಂಡ ಮೇಲೆ ನಮ್ಮ ಗಾಡಿ ವಾರಕ್ಕೆ ಮೂರು ಸಲ ಅಲ್ಲಿಗೆ ಹೋಗುತ್ತಿತ್ತು. ಇದಕ್ಕೆ ದಾರಿ ಮಾಡಿಕೊಟ್ಟವನು ನಮ್ಮೂರಿನಲ್ಲಿ ಬಂದು ನೆಲಸಿದ್ದ ಒಬ್ಬ ತಮಿಳು ಮುದುಕ. ಆಫೀಸರುಗಳ ಮೆಸ್ಸಿನಲ್ಲಿ ಬಟ್ಲರಾಗಿದ್ದವನು. ಕೆಲಸ ಬಿಟ್ಟ ಮೇಲೆ ಹೆಂಡತಿಯ ಊರೆಂದು ಬೂದಿಗೆರೆಗೆ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡೇ ಹೊಲದ ಕಡೆಗೂ ಹೋಗುತ್ತಿದ್ದ. ಅವನ ಹಳೆಯ ಪರಿಚಯದಿಂದ ಆಗೊಂದು ಈಗೊಂದು ಬಾಟಲಿ ತರಕಾರಿ ಬುಟ್ಟಿಯ ತಳದಲ್ಲಿ ನಮ್ಮ ಮನೆಗೆ ಬರುತ್ತಿತ್ತು.

ಮೊದಲನೆಯ ಬಾಟಲಿಯ ಬಿರಡೆ ತೆಗೆದ ದಿನ ನನಗೆ ಚೆನ್ನಾಗಿ ನೆನಪಿದೆ. ಮಾವ ಹೆಬ್ಬೆರಳಿನಿಂದ ಹೊಳ್ಳೆ ಮುಚ್ಚಿ ಮೂಸಿದರು. ಕಣ್ಣು ಮುಚ್ಚಿಕೊಂಡರು.

"ಇದ್ರಾಗೆ ಹೊಗೆ ಐತಲ್ಲಯ್ಯಾ!"

"ಕರೆಕ್ಟ್ ಯಜಮಾನ್ರೇ," ಎಂದ ಬಟ್ಲರು. "ಆ ದೇಶದಲ್ಲಿ ಮಣ್ಣು ಕೊಯ್ದು ಒಣಗ್ಸಿ ಸುಡ್ತಾರೆ. ಆ ಹೊಗೇಲಿ ಬಾರ್ಲಿ ಕಾಳು ಒಣಗೋದು. ಅದುಕ್ಕೇ ನಮ್ಮ ದೊರೆಗಳು ಪ್ರಾಣ ಬಿಡೋರು."

ಮಾವ ಅಡುಗೆಮನೆಯ ಕಡೆ ತಿರುಗಿ ಕೂಗಿದರು. "ಏಯ್ ದೊಡ್ಡಬೆಳವಂಗಲದೋಳೇ, ಬಾ ಇಲ್ಲಿ, ನೋಡು. ಹೊಗೆ ಹಿಡ್ಸೋದು ಅಂದ್ರೆ ಇಂಗೆ!"

ಸಗಣಿ ಸುಟ್ಟ ಹೊಗೆಯಾದರೆ ಅಂಗಳಕ್ಕೆ, ಮಣ್ಣು ಸುಟ್ಟ ಹೊಗೆಯಾದರೆ ಕಣ್ಣು ಮುಚ್ಚಿಕೊಂಡು ತಲೆದೂಗುವುದು. ಒಳಗೆ ಹೋಗಿ ಹಿಟ್ಟು ತೊಳಸಿದೆ.

ಕುಡುಕರಾಗಿದ್ದರೆ ಕ್ಷಮಿಸುತ್ತಿದ್ದೆನೇನೋ. ಅವರು ಕುಡುಕರಲ್ಲ. ಕಾಲು ತಪ್ಪಿ ಹೆಜ್ಜೆ ಇಟ್ಟದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಆಸ್ಪತ್ರೆಯ ಔಷಧದ ಗ್ಲಾಸಿನಲ್ಲಿ ಅಳೆದು ಒಂದೊಂದು ಔನ್ಸು, ಅದೂ ತಿಂಗಳಿಗೊಂದು ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಖಾಲಿ ಹೊಟ್ಟೆಯಲ್ಲಿ. ಒಂದು ಮೂಸುವುದು, ಇನ್ನೊಂದು ಮೂಸುವುದು, ಮತ್ತೆ ಮೊದಲನೆಯದಕ್ಕೆ ಬರುವುದು. ಎರಡು ಹನಿ ಅಂಗೈಗೆ ಹಾಕಿ ಉಜ್ಜಿ, ಆರಿದ ಮೇಲೆ ಅಂಗೈ ಮೂಸುವುದು. ಕುಡಿದಾದ ಮೇಲೂ ಗ್ಲಾಸನ್ನು ತೊಳೆಯುವ ಹಾಗಿರಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ಆ ಖಾಲಿ ಗ್ಲಾಸು ಮೂಸಬೇಕು. "ತುಂಬಿದ್ ಗ್ಲಾಸು ಸುಳ್ ಹೇಳ್ತದೆ ಕಣಯ್ಯ, ಖಾಲಿ ಗ್ಲಾಸು ಹೇಳಾಕಿಲ್ಲ," ಎಂದು ಬಟ್ಲರಿಗೆ ಪಾಠ ಮಾಡುತ್ತಿದ್ದರು. ಒಂದು ಸಲ ಗೊತ್ತಿಲ್ಲದೆ ಬೂದಿ ಹಾಕಿ ತೊಳೆದಿಟ್ಟುಬಿಟ್ಟೆ. ಆ ದಿನ ನನ್ನ ತೌರುಮನೆಯ ಏಳು ತಲೆಮಾರು ನಮ್ಮ ಹಿತ್ತಲಿಗೆ ಬಂದು ಹೋದವು.

ವಿಸ್ಕಿಗೆ ನೀರನ್ನು ಹನಿಹನಿಯಾಗಿ ಬಿಡಬೇಕಂತೆ. ಅದಕ್ಕೆ ಅವರು ತೆಗೆದುಕೊಂಡದ್ದು ನನ್ನ ಒಳಲೆ. ಮಗುವಿಗೆ ಹಾಲು ಕುಡಿಸಲೆಂದು ನಮ್ಮಮ್ಮ ಬಾಣಂತನದಲ್ಲಿ ಕೊಟ್ಟ ಬೆಳ್ಳಿಯ ಒಳಲೆ. ಆಗ ನನ್ನ ಎರಡನೆಯ ಮಗ ಇನ್ನೂ ಎಂಟು ತಿಂಗಳವನು. ಕೇಳಲೂ ಇಲ್ಲ. ಗೂಡಿನಿಂದ ತೆಗೆದುಕೊಂಡು ಹೋದರು. ಆಮೇಲೆ ಕೇಳಿದ್ದಕ್ಕೆ, "ಮಗೀಗೆ ಬೆರಳಾಗೆ ಅದ್ದಿ ನೆಕ್ಸು, ಏನಾಯ್ತದೆ," ಎಂದರು.

ಆ ಭಾನುವಾರಗಳ ನಿಯಮಗಳನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ. ಬೆಳಿಗ್ಗೆಯಿಂದ ಒಗ್ಗರಣೆ ಹಾಕಬಾರದು. ಈರುಳ್ಳಿ ಹೆಚ್ಚಬಾರದು. ನೆಲ ಸಾರಿಸುವುದಿದ್ದರೆ ಶನಿವಾರವೇ ಸಾರಿಸಬೇಕು. ದೇವರ ಮುಂದೆ ಊದುಬತ್ತಿ ಇಲ್ಲ. ತಲೆಗೆ ಮಲ್ಲಿಗೆ ಇಲ್ಲ, ಕನಕಾಂಬರವಾದರೆ ಆಗಬಹುದು. ಪಕ್ಕದ ಮನೆಯಾಕೆ ಒಂದು ಭಾನುವಾರ ಒಣಮೀನು ಹುರಿದಳು. ಮಾವ ಕೋಲು ಹಿಡಿದುಕೊಂಡು ಅವಳ ಬಾಗಿಲಿಗೆ ಹೋಗಿ ನಿಂತರು. ಅವಳೇನು ಕಡಿಮೆಯವಳೇ? "ನಿನ್ ಮೂಗಿಗೆ ಬಾಗಿಲು ಮಡಿಕ್ಕೊ ಮಾವ, ನನ್ ಒಲೆ ನನ್ನಿಷ್ಟ," ಎಂದಳು. ನಾನು ಹಿತ್ತಲಲ್ಲಿ ನಿಂತು ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಒಂದು ಸಲವಂತೂ ನನ್ನ ಚಿಕ್ಕವನಿಗೆ ಎದೆ ಕಟ್ಟಿ ಗೊರಗೊರ ಎನ್ನುತ್ತಿತ್ತು. ಬೆಳ್ಳುಳ್ಳಿ ಎಣ್ಣೆ ಕಾಯಿಸಲು ಹೋದರೆ, "ಒಂದ್ ಗಂಟೆ ತಡೀ, ಸಾಯಾಕಿಲ್ಲ ಅವ್ನು," ಎಂದರು. ಸಾಯಲಿಲ್ಲ, ನಿಜ. ಆದರೆ ಆ ಒಂದು ಗಂಟೆಯನ್ನು ನಾನು ಇಂದಿಗೂ ಬಿಟ್ಟುಕೊಟ್ಟಿಲ್ಲ.

ಅವರಿಗೆ ಓದು ಬರಹ ಬರುತ್ತಿರಲಿಲ್ಲ. ನಾನು ನಾಲ್ಕನೆಯ ಕ್ಲಾಸು ಓದಿದವಳು. ಹಾಗಾಗಿ ಯಾವ ಬಾಟಲಿ ಹೇಗಿತ್ತು ಎಂದು ಬರೆದಿಡುವ ಕೆಲಸ ನನ್ನ ತಲೆಗೆ ಬಂತು. ಬಾಗಿಲ ಹಿಂದೆ ಗೋಡೆಗೊರಗಿ ಕೂತು ಬರೆಯುತ್ತಿದ್ದೆ. ಬಾಟಲಿಗಳಿಗೆ ನಮ್ಮ ಮನೆಯಲ್ಲಿ ಚೀಟಿಯ ಚಿತ್ರವೇ ಹೆಸರು. ಜಿಂಕೆ, ಕೋಟೆ, ಮುದುಕ, ಹಡಗು. "ಬರ್ಕೋ," ಎನ್ನುವರು. "ಜಿಂಕೆ. ಮೊದ್ಲು ಆಲೆಮನೆ ವಾಸ್ನೆ. ಬೆಲ್ಲ ಇನ್ನೂ ಪಾಕಕ್ಕೆ ಬಂದಿಲ್ಲ. ಆಮೇಲೆ ಹಲಸಿನ ತೊಳೆ. ಕಡೀಕೆ ಹಳೇ ಮರದ ಪೆಟ್ಗೆ." ಕೋಟೆಗೆ ಹುರಿದ ಹುರುಳಿ, ಒದ್ದೆ ಗೋಣಿಚೀಲ. ಮುದುಕನಿಗೆ ಒಣದ್ರಾಕ್ಷಿ, ಚಕ್ಕೋತದ ಸಿಪ್ಪೆ. ಹಡಗಿಗೆ ಕೆಂಡದಲ್ಲಿ ಸುಟ್ಟ ಬದನೆಕಾಯಿ ಸಿಪ್ಪೆ, ಟಿಂಚರು ಹಚ್ಚಿದ ಬಟ್ಟೆ.

ಬರೆದದ್ದು ಸರಿಯೋ ಎಂದು ನೋಡಲು ನಾನೂ ಖಾಲಿ ಗ್ಲಾಸು ಮೂಸುತ್ತಿದ್ದೆ. ಒಮ್ಮೆ ಬೆರಳದ್ದಿ ನಾಲಿಗೆಗೂ ಇಟ್ಟುಕೊಂಡೆ. ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಾಲಿಗೆ ಸುಟ್ಟುಕೊಂಡಿತು, ಆಮೇಲೆ ಸುಮಾರು ಹೊತ್ತು ಬದನೆಕಾಯಿ ಸಿಪ್ಪೆ ಬಾಯಲ್ಲೇ ಇತ್ತು. ಮಾವ ಹೇಳಿದ್ದು ಸರಿಯಾಗಿತ್ತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಮಾವನಿಗೂ ಬಟ್ಲರಿಗೂ ಪಂದ್ಯ ಹುಟ್ಟಿಕೊಂಡದ್ದು ಯುದ್ಧ ಮುಗಿಯುವ ಹೊತ್ತಿಗೆ. ಯಾವ ಗ್ಲಾಸಿನಲ್ಲಿ ಯಾವ ಬಾಟಲಿಯದು ಎಂದು ನೋಡದೆ ಹೇಳಬೇಕು. ನ್ಯಾಯ ಹೇಳಲು ಊರಿನ ಸ್ಕೂಲಿನ ಮೇಷ್ಟ್ರು. ಅವರು ಕುಡಿಯುತ್ತಿರಲಿಲ್ಲ, ಅದಕ್ಕೇ ಇಬ್ಬರಿಗೂ ಅವರ ಮೇಲೆ ನಂಬಿಕೆ. ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಅಂಗವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು, ಇಬ್ಬರಿಗೂ ಒಂದೇ ಸಾಲಿನಲ್ಲಿ ನಾಲ್ಕು ನಾಲ್ಕು ಗ್ಲಾಸು ಅಳೆದು ಹಾಕುವರು. ತಳಕ್ಕೆ ಸೀಮೆಸುಣ್ಣದ ಗುರುತು, ಚೀಟಿಯಲ್ಲಿ ಉತ್ತರ. ಗ್ಲಾಸುಗಳ ತಟ್ಟೆಯನ್ನು ಹಜಾರಕ್ಕೆ ತರುವವಳು ನಾನು. ಆಮೇಲೆ ನೀರು, ಆಮೇಲೆ ಬಾಯಿಗೆ ಹಾಕಿಕೊಳ್ಳಲು ಏನಾದರೂ. ಮಾವ ಒಂದು ಸಲವೂ ಸೋಲಲಿಲ್ಲ. ಸುತ್ತಿನ ಹಳ್ಳಿಯವರೆಲ್ಲ ಅವರನ್ನು ‘ಮೂಗಿನ ಯಜಮಾನ್ರು’ ಎಂದೇ ಕರೆಯುವಂತಾಯಿತು. ಅವರೂ ಹಾಗೆ ಕರೆಸಿಕೊಂಡು ಮೀಸೆಯಡಿ ನಗುತ್ತಿದ್ದರು.

ಒಂದು ಚಳಿಗಾಲ ಅವರಿಗೆ ಕೆಟ್ಟ ಜ್ವರ ಬಂತು. ಹದಿನೈದು ದಿನ ಮಲಗಿದರು. ಎದ್ದ ಮೇಲೆ ಮನೆ ತಣ್ಣಗಿತ್ತು. ಬೈಗುಳವಿಲ್ಲ. ಒಂದು ದಿನ ಸಾರು ತಳ ಹತ್ತಿ ಸೀದುಹೋಗಿತ್ತು, ನನಗೇ ಉಣ್ಣಲಾಗಲಿಲ್ಲ. ಅವರು ಎರಡು ಮುದ್ದೆ ಉಂಡು ಕೈ ತೊಳೆದರು. ನನಗೆ ಅನುಮಾನ ಬಂತು. ಮುಂದಿನ ಸೋಮವಾರ ಹಸಿ ಬೆರಣಿಯನ್ನೇ ಹುಡುಕಿ ಒಲೆಗಿಟ್ಟು, ಹಾಲಿನ ಪಾತ್ರೆಯ ಮುಚ್ಚಳ ತೆಗೆದಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ಹೊಗೆ ಹಿಡಿಸಿದೆ. ಮಾವ ಲೋಟ ಎತ್ತಿ ಗಟಗಟ ಕುಡಿದರು.

ಆಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತು ಸುಮ್ಮನೆ ಅದನ್ನೇ ಅನುಭವಿಸಿದೆ.

ಅದೇ ವಾರ, ಹಸು ಕರೆಯುತ್ತಿದ್ದಾಗ ಅವರೇ ಕೊಟ್ಟಿಗೆಗೆ ಬಂದರು. ಕೊಟ್ಟಿಗೆಯ ಕಂಬ ಹಿಡಿದು ನಿಂತರು.

"ಇವಳೇ, ಒಂದ್ ಮಾತು. ಜರ ಬಂದ್ ಮ್ಯಾಕೆ ಮೂಗು ವಸಿ ಕಟ್ಟೈತೆ."

"ಕಟ್ಟಿಲ್ಲ ಮಾವ. ಹೋಗೈತೆ."

"ಯಾರಮ್ಮಿ ಹೇಳಿದ್ದು ನಿಂಗೆ?"

"ಸೋಮವಾರ ಬೇಕಂತ್ಲೇ ಹಾಲಿಗೆ ಹೊಗೆ ಹಿಡ್ಸಿದ್ದೆ. ಲೋಟ ಬರಿದು ಮಾಡಿದ್ರಿ."

"ಎಂಥಾ ಹೆಂಗ್ಸೇ ನೀನು!"

"ನೀವೇ ಹುಡುಕ್ಕೊಂಡು ಬಂದ ಸೊಸೆ."

ಬರುವ ಭಾನುವಾರ ಪಂದ್ಯವಿತ್ತು. ಜ್ವರದ ನೆಪ ಹೇಳಿ ಒಂದು ಸಲ ತಪ್ಪಿಸಿಕೊಂಡಿದ್ದರು. ಮತ್ತೊಂದು ಸಲ ಆಗುತ್ತಿರಲಿಲ್ಲ. ಬಟ್ಲರು ಆಗಲೇ ಅರಳೀಕಟ್ಟೆಯಲ್ಲಿ, ಯಜಮಾನ್ರು ಹೆದರ್ಕೊಂಡ್ರು ಎಂದು ಆಡಿಕೊಳ್ಳುತ್ತಿದ್ದ. ಬೇಕಾದದ್ದು ಏನೆಂದು ಮಾವ ಬಾಯಿ ಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನಗೆ ಬೇಕಾದದ್ದನ್ನು ಮಾತ್ರ ಹೇಳಿದೆ.

ಮಗಳಿಗೆ ಆಗ ಹತ್ತು ತುಂಬಿತ್ತು. ಊರಿನ ಸ್ಕೂಲಿನಲ್ಲಿ ನಾಲ್ಕನೆಯ ಕ್ಲಾಸು ಮುಗಿಯುತ್ತಾ ಬಂದಿತ್ತು. ಮುಂದೆ ಓದಬೇಕೆಂದರೆ ದೇವನಹಳ್ಳಿಯ ಮಿಡ್ಲ್ ಸ್ಕೂಲು. ಅಲ್ಲಿ ಮೇಷ್ಟ್ರ ತಂಗಿಯ ಮನೆಯಿತ್ತು, ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಮಾವ ಮಾತ್ರ ಹೊಸಕೋಟೆ ಕಡೆಯ ತಮ್ಮ ತಂಗಿಯ ಮೊಮ್ಮಗನಿಗೆ ಅವಳನ್ನು ಗೊತ್ತು ಮಾಡಬೇಕೆಂದು ಕೂತಿದ್ದರು. ‘ಇವಳಿಗೆ ನಾಕು ಅಕ್ಸರ ಕಲ್ಸಿದ್ದೇ ಜಾಸ್ತಿ ಆಯ್ತು, ಇನ್ನು ಇವಳ ಮಗ್ಳಿಗೆ ಬೇರೆ’ ಎನ್ನುತ್ತಿದ್ದರು.

"ಮೂಗು ನಂದು, ಹೆಸರು ನಿಮ್ದು," ಎಂದೆ. "ಮಗು ದೇವನಹಳ್ಳಿಗೆ ಹೋಗ್ಬೇಕು."

"ಸರಿ, ಹೋಗ್ಲಿ."

"ಹಸುವಿನ ಮೈ ಮುಟ್ಟಿ ಹೇಳಿ."

"ಹೋಗ್ಲಿ ಅಂದ್ನಲ್ಲ! ನನ್ನ ಮಾತ್ಗಿಂತ ಹಸ ದೊಡ್ದಾ?" ಎಂದು ಹೊರಟುಹೋದರು. ಮುಟ್ಟಲಿಲ್ಲ. ಆಗಲೇ ನಾನು ಎಚ್ಚರವಾಗಬೇಕಿತ್ತು.

ಗುರುತು ನಾನೇ ಮಾಡಿದೆ. ಒಳಕೋಣೆಯಿಂದ ಹಜಾರಕ್ಕೆ ಹದಿನಾಲ್ಕು ಹೆಜ್ಜೆ. ತಟ್ಟೆ ಎದೆಯ ಮಟ್ಟಕ್ಕೆ ಹಿಡಿದು ನಡೆದರೆ ಅಷ್ಟರಲ್ಲಿ ನಾಲ್ಕೂ ನನಗೆ ತಿಳಿಯುತ್ತಿದ್ದವು. ಆಮೇಲೆ ತಿನ್ನುವುದಕ್ಕೆಂದು ಅವರ ಮುಂದೆ ಇಡುವ ತಟ್ಟೆಯಲ್ಲಿ ನಾಲ್ಕು ಗುಡ್ಡೆ, ಗ್ಲಾಸುಗಳ ಸಾಲಿನಲ್ಲೇ. ಹುರಿಗಡಲೆಯಿದ್ದರೆ ಜಿಂಕೆ. ಕಡಲೆಕಾಯಿ ಬೀಜವಿದ್ದರೆ ಕೋಟೆ. ನಿಪ್ಪಟ್ಟು ಮುದುಕ. ಹುರಿದ ಅವರೆಕಾಳು ಹಡಗು. ಎಲ್ಲವನ್ನೂ ಶನಿವಾರವೇ ಮಾಡಿಡುತ್ತಿದ್ದೆ. ಬಟ್ಲರ ತಟ್ಟೆಯಲ್ಲಿ ಅವೇ ನಾಲ್ಕು ಕಲೆಸಿದ ಹಾಗೆ.

ಐದು ಪಂದ್ಯ ಹಾಗೆ ನಡೆದವು, ಐದನ್ನೂ ಮಾವ ಗೆದ್ದರು. ಗೆದ್ದದ್ದಷ್ಟೇ ಅಲ್ಲ, ಮೂಸುವ ಶಾಸ್ತ್ರವನ್ನೂ ಬಿಡಲಿಲ್ಲ. ತಟ್ಟೆಯತ್ತ ಒಂದು ಕಣ್ಣು ಹಾಕಿ, ಹೆಬ್ಬೆರಳಿನಿಂದ ಹೊಳ್ಳೆ ಮುಚ್ಚಿ, "ಆಹಾ, ಹಲಸಿನ ತೊಳೆ!" ಎನ್ನುವರು. ನಾನು ಬಾಗಿಲ ಹಿಂದೆ ನಿಂತು ಹಲ್ಲು ಕಚ್ಚುತ್ತಿದ್ದೆ. ಬರಬರುತ್ತಾ ಅವರಿಗೆ ತಮ್ಮ ಮೂಗು ತಿರುಗಿ ಬಂದಿದೆ ಎಂದೇ ಅನ್ನಿಸಿತ್ತೋ ಏನೋ. ಒಂದು ದಿನ, "ಸಾರಿಗೆ ಇಂಗು ಜಾಸ್ತಿ ಆಯ್ತು," ಎಂದರು. ಆ ದಿನ ನಾನು ಇಂಗು ಹಾಕಿರಲೇ ಇಲ್ಲ.

ಸ್ಕೂಲು ತೆಗೆಯುವುದಕ್ಕೆ ಎಂಟು ದಿನ ಇದ್ದ ಭಾನುವಾರ. ಗ್ಲಾಸುಗಳನ್ನು ಇಟ್ಟು ಒಳಗೆ ಬಂದು ತಟ್ಟೆಗೆ ಗುಡ್ಡೆ ಹಾಕುತ್ತಿದ್ದೆ. ಹಜಾರದಲ್ಲಿ ಮೇಷ್ಟ್ರು ಕೇಳಿದರು. "ಯಜಮಾನ್ರೇ, ಮಗೂನ ಯಾವತ್ತು ಕಳಿಸ್ತೀರಿ? ತಂಗಿಗೆ ಹೇಳ್ಬೇಕು."

"ಎಲ್ಲಿಗೆ ಕಳ್ಸೋದು ಮೇಷ್ಟ್ರೇ? ನಮ್ ತಂಗಿ ಮೊನ್ನೆ ಹೇಳಿ ಕಳ್ಸವ್ಳೆ. ಬರೋ ಸುಕ್ರವಾರ ಎಲೆ ಅಡ್ಕೆ ಹಿಡ್ಕೊಂಡು ಬತ್ತಾರೆ. ಮಾತು ಮುಗ್ಸಿಬಿಡಾದು."

"ಮತ್ತೆ ನೀವು ಅವತ್ತು..."

"ಹೆಂಗಸ್ರ ಹತ್ರ ಏನೋ ಅಂದಿರ್ತೀನಿ. ಅದೆಲ್ಲ ಲೆಕ್ಕಕ್ಕಾ?"

ಬಟ್ಲರು ನಕ್ಕ. ನಮ್ಮ ಯಜಮಾನರು ಬಾಗಿಲಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ಹೊಸೆಯುತ್ತಲೇ ಇದ್ದರು.

ನನಗೆ ಕೂಗಬೇಕೆನ್ನಿಸಲಿಲ್ಲ, ಅಳಬೇಕೆನ್ನಿಸಲಿಲ್ಲ. ಹಾಕಿದ್ದ ಗುಡ್ಡೆಗಳನ್ನೆಲ್ಲ ಡಬ್ಬಿಗೆ ಸುರಿದೆ. ತಟ್ಟೆ ಒರೆಸಿ ನಾಲ್ಕು ಕಡೆಯೂ ಹುರಿಗಡಲೆ ಇಟ್ಟೆ. ತೆಗೆದುಕೊಂಡು ಹೋಗಿ ಅವರ ಮುಂದೆ ಇಟ್ಟು ಬಾಗಿಲ ಹಿಂದೆ ನಿಂತೆ.

ಮಾವ ತಟ್ಟೆ ನೋಡಿದರು. ಮೊದಲನೆಯ ಗ್ಲಾಸು ಎತ್ತಿದರು, ಕೆಳಗಿಟ್ಟರು. ಮತ್ತೆ ತಟ್ಟೆ ನೋಡಿದರು.

"ಏನು ಯಜಮಾನ್ರೇ, ಟೈಮ್ ಆಗ್ತಾ ಇದೆ," ಎಂದ ಬಟ್ಲರು. ಅವನು ಆಗಲೇ ತನ್ನ ಉತ್ತರವನ್ನು ಮೇಷ್ಟ್ರ ಕಿವಿಯಲ್ಲಿ ಹೇಳಿಯಾಗಿತ್ತು.

ಮಾವ ಗಂಟಲು ಸರಿಮಾಡಿಕೊಂಡರು. "ಅಮ್ಮೀ, ಬರೀ ಹುರಿಗಡ್ಲೆ ಮಡಗಿದ್ದೀಯಲ್ಲ. ನಿಪ್ಪಟ್ಟು ತಗಂಬಾ."

"ನಿಪ್ಪಟ್ಟು ಇಲ್ಲ ಮಾವ."

"ಮಾಡಿದ್ಯಲ್ಲಾ ನಿನ್ನೆ?"

"ಮಗಳು ದೇವನಹಳ್ಳಿಗೆ ಹೋಗೋವಾಗ ಬುತ್ತಿ ಕಟ್ಟಾಕೆ ಎತ್ತಿಟ್ಟಿದ್ದೀನಿ."

ಬಾಗಿಲಲ್ಲಿ ಹಗ್ಗ ಹೊಸೆಯುವುದು ನಿಂತಿತು.

"ಅವರೆಕಾಳು?"

"ಅದೂ ಬುತ್ತಿಗೇ ಮಾವ. ಹೋಗ್ತಾಳೆ ಅನ್ನೋದಾದ್ರೆ ಈಗ್ಲೇ ಒಂಚೂರು ತೆಗೆದು ಕೊಡ್ತೀನಿ. ಹೋಗಲ್ಲ ಅನ್ನೋದಾದ್ರೆ ಡಬ್ಬಿ ಬಾಯಿ ಬಿಚ್ಚಲ್ಲ. ನೀವೇ ಹೇಳ್ಬೇಕು. ಮೇಷ್ಟ್ರೂ ಇಲ್ಲೇ ಅವ್ರೆ, ಬಟ್ಲರಣ್ಣಾನೂ ಕೇಳಿಸ್ಕೊಳ್ಳಲಿ."

"ಎನ್ನಪ್ಪಾ ಇದು, ಒಂದು ನಿಪ್ಪಟ್ಟಿಗೆ ಇಷ್ಟೊಂದು ಪಂಚಾಯ್ತಿ," ಎಂದ ಬಟ್ಲರು. ಅವನಿಗೆ ಏನೂ ತಿಳಿಯಲಿಲ್ಲ. ಮೇಷ್ಟ್ರಿಗೆ ತಿಳಿಯಿತೆಂದು ತೋರುತ್ತದೆ. ಅವರು ಅಂಗವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಸೂರು ನೋಡುತ್ತಿದ್ದರು.

ಬಾಗಿಲ ಸಂದಿಯಿಂದ ನನಗೆ ಮಾವನ ಕತ್ತು ಕಾಣುತ್ತಿತ್ತು. ಕಿವಿಯ ತನಕ ಕೆಂಪಾಗಿತ್ತು. ಎದ್ದು ಬಂದು ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದರೆ ಹೊಡೆಯಲಿ, ಯಾಕೆ ಹೊಡೆದರು ಎಂದು ಹೇಳಲೇಬೇಕಾಗುತ್ತದೆ.

"ಮೇಷ್ಟ್ರೇ," ಎಂದರು ಕೊನೆಗೆ. ಧ್ವನಿ ಎತ್ತರಿಸಲಿಲ್ಲ. "ಸ್ಕೂಲ್ ತೆಗ್ಯೋ ಸೋಮವಾರ ಮಗೀನ ಕರ್ಕೊಂಡೋಗಿ ಸೇರ್ಸಿಬಿಡಿ. ನಮ್ ತಂಗೀಗೆ ನಾನು ಹೇಳಿ ಕಳುಸ್ತೀನಿ."

ನಾನು ಡಬ್ಬಿ ತೆಗೆದೆ. ಗುಡ್ಡೆ ತಪ್ಪಲಿಲ್ಲ. ಅವರೆಕಾಳು, ನಿಪ್ಪಟ್ಟು, ಹುರಿಗಡಲೆ, ಕಡಲೆಕಾಯಿ ಬೀಜ. ತಂದಿಟ್ಟೆ.

ಮಾವ ಅದನ್ನು ನೋಡಿದರು. ಚೆನ್ನಾಗಿಯೇ ನೋಡಿದರು. ಆಮೇಲೆ ಎಡಗೈಯಿಂದ ತಟ್ಟೆಯನ್ನು ಬಟ್ಲರ ಕಡೆಗೆ ಸರಿಸಿ, ಮೊದಲಿನ ತಟ್ಟೆಯಿಂದ ಒಂದು ಹಿಡಿ ಹುರಿಗಡಲೆ ಬಾಯಿಗೆ ಹಾಕಿಕೊಂಡು, ಒಂದೊಂದೇ ಗ್ಲಾಸು ಎತ್ತಿ ಹೇಳಿದರು. "ಕೋಟೆ. ಹಡಗು. ಮುದುಕ. ಜಿಂಕೆ." ನಾಲ್ಕಕ್ಕೆ ನಾಲ್ಕೂ ತಪ್ಪು.

ಬಟ್ಲರು ತೊಡೆ ತಟ್ಟಿಕೊಂಡು ನಕ್ಕ. "ಮೂಗು ಎಲ್ಲಿ ಮರ್ತು ಬಂದ್ರಿ ಯಜಮಾನ್ರೇ? ಸಂತೇಲಾ?" ಮಾವ ಎದ್ದು ಹೊರಟರು. ಬಾಗಿಲು ದಾಟುವಾಗ, ನನಗೆ ಮಾತ್ರ ಕೇಳುವಂತೆ, "ನಿನ್ ಕೈಯಾಗೆ ಗೆಲ್ಸಿಕೊಂಡು ಬದುಕಬೇಕಾ ನಾನು," ಎಂದರು.

ಐದು ಸಲ ಗೆಲ್ಲಿಸಿಕೊಂಡಿದ್ದರಲ್ಲ! ಆರನೆಯದಕ್ಕೆ ಅವರಿಗೆ ಮಾನ ನೆನಪಾಯಿತು. ಬೇಕಾದದ್ದು ನನಗೆ ಸಿಕ್ಕಿತ್ತು, ಆದರೂ ಆ ಸರಿಸಿದ ತಟ್ಟೆಯನ್ನು ನೋಡಿದರೆ ಉರಿಯುತ್ತಿತ್ತು. ಅವರಿಂದ ಧರ್ಮಕ್ಕೆ ಏನನ್ನೂ ತೆಗೆದುಕೊಳ್ಳಬಾರದು ಎಂದು ನಾನು ಹಟ ಹಿಡಿದಿದ್ದೆ. ಆ ದಿನದ ಮಟ್ಟಿಗೆ ಧರ್ಮಕ್ಕೆ ಕೊಟ್ಟ ಹಾಗೆ ಮಾಡಿ ಹೋದರು.

ಮಗಳು ದೇವನಹಳ್ಳಿಗೆ ಹೋದಳು. ಮಾವ ನನ್ನ ಜೊತೆ ಮಾತು ಬಿಟ್ಟರು. ಏನು ಬೇಕಿದ್ದರೂ ನಡುಮನೆಯ ಕಂಬಕ್ಕೆ ಹೇಳುತ್ತಿದ್ದರು. "ನೀರು ಕಾದೈತೇನೋ," "ಮಜ್ಜಿಗೆ ಹುಳಿಯಾಗೈತೆ." ನಾನೂ ಕಂಬಕ್ಕೇ ಉತ್ತರ ಕೊಡುತ್ತಿದ್ದೆ. ಮೂರು ವರ್ಷ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತು ಕೇಳಿಸಿಕೊಂಡದ್ದು ಆ ಕಂಬ. ಪಂದ್ಯ ನಿಂತುಹೋಯಿತು. ಇಂಗ್ಲಿಷಿನವರು ಹೊರಟ ಮೇಲೆ ದಂಡಿನ ತರಕಾರಿಯೂ ಕಡಿಮೆಯಾಯಿತು, ಬಾಟಲಿಯೂ ಬರಲಿಲ್ಲ. ಬಟ್ಲರು ಮಗನ ಹತ್ತಿರ ಇರುತ್ತೇನೆಂದು ಮದರಾಸಿಗೆ ಹೊರಟಾಗ ಒಂದು ಬಾಟಲಿ ಕೊಟ್ಟುಹೋದ. ಮುದುಕನ ಚಿತ್ರದ್ದು. "ಮೂವತ್ತು ವರ್ಷ ಪೀಪಾಯಲ್ಲಿ ಇದ್ದದ್ದು ಯಜಮಾನ್ರೇ, ಲಾಟ್ ಸಾಹೇಬ್ರಿಗೂ ಸಿಗಲ್ಲ," ಎಂದು ಹೇಳಿದ್ದ. ಮಾವ ಅದನ್ನು ತೆರೆಯಲಿಲ್ಲ. ಬಂದವರಿಗೆಲ್ಲ ತೋರಿಸಿ ಮೂವತ್ತು ವರ್ಷ, ಮೂವತ್ತು ವರ್ಷ ಎನ್ನುತ್ತಿದ್ದರು.

ಅವರು ಹಾಸಿಗೆ ಹಿಡಿದದ್ದು ಮಗಳು ಮಿಡ್ಲ್ ಸ್ಕೂಲಿನ ಮೂರನೆಯ ವರ್ಷ ಮುಗಿಸಿ ರಜಕ್ಕೆ ಬಂದಿದ್ದಾಗ. ಒಂದು ಮಧ್ಯಾಹ್ನ ಅವಳನ್ನು ಕರೆದು ಬಾಟಲಿ ತರಿಸಿಕೊಂಡರು. ಬಿಸಿಲಿಗೆ ಹಿಡಿಸಿ ಬಣ್ಣ ನೋಡಿದರು. "ಏನಂತ ಬರ್ದವ್ರೆ, ಓದು," ಎಂದರು. ಅವಳು ಇಂಗ್ಲಿಷಿನಲ್ಲಿ ಅಕ್ಷರ ಅಕ್ಷರ ಕೂಡಿಸಿ ಓದಿ ಕನ್ನಡದಲ್ಲಿ ಹೇಳಿದಳು.

"ಎಂಟು ವರ್ಷ ಹಳೇದು ಅಂತ ಇದೆ ತಾತ."

"ಎಂಟಾ? ಮೂವತ್ತು. ಸರಿಯಾಗಿ ನೋಡು."

"ಎಂಟೇ ತಾತ. ಇಲ್ಲಿ ನೋಡಿ, ಈ, ಐ, ಜಿ..."

"ಈನೂ ಇಲ್ಲ ಜೀನೂ ಇಲ್ಲ!" ಎಂದು ಕೆಮ್ಮಿದರು. ನಮ್ಮ ಯಜಮಾನರು ಕಾಲ ಹತ್ತಿರ ಕೂತಿದ್ದರು, ನಾನು ಗಂಜಿ ಹಿಡಿದು ನಿಂತಿದ್ದೆ. ಮಾವ ಕಂಬದ ಕಡೆಗೂ ಅಲ್ಲ, ನೇರವಾಗಿ ಮಗನ ಕಡೆಗೆ ತಿರುಗಿದರು. "ಓದಾಕೇ ಬರಾಕಿಲ್ಲ ಈ ಮಗೀಗೆ. ಮೂರ್ ವರ್ಸ ಏನ್ ಕಿಸ್ದವ್ರೋ ಅಲ್ಲಿ. ಅವ್ರವ್ವನಂಗೇ ಅರೆಬರೆ. ಇನ್ನೂ ಓದ್ಸಿ!"

ಅದಾದ ಒಂಬತ್ತನೆಯ ದಿನ ಹೋದರು. ನನಗೆ ಅಳು ಬರಲಿಲ್ಲ. ಬಂದ ಹೆಂಗಸರು ನೋಡುತ್ತಾರೆಂದು ಸೆರಗನ್ನು ಕಣ್ಣಿಗೆ ಒತ್ತಿಕೊಂಡೆ, ಅಷ್ಟೆ.

ಹನ್ನೊಂದನೆಯ ದಿನದ ತಿಥಿಗೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಟ್ಟೆವು. ಆ ಬಾಟಲಿಯನ್ನೂ ತೆರೆದು ಒಂದು ಗ್ಲಾಸು ಸುರಿದೆವು. ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಮಾವನ ತಂಗಿ ಹಳೆಯ ಮಾತು ತೆಗೆದರು. ಹುಡುಗಿ ದೊಡ್ಡವಳಾಗುತ್ತಾ ಬಂದಳು, ಅಣ್ಣನಿಗೂ ಇದೇ ಆಸೆ ಇತ್ತು, ವರ್ಷ ತುಂಬುವುದರೊಳಗೆ ಮಾಡಿಬಿಟ್ಟರೆ ಅವನ ಆತ್ಮಕ್ಕೂ ತೃಪ್ತಿ ಎಂದರು. ನೆಂಟರೆಲ್ಲ ಹೌದು ಹೌದು ಎಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಈ ಸಲ ನನ್ನ ಕೈಯಲ್ಲಿ ಯಾವ ತಟ್ಟೆಯೂ ಇರಲಿಲ್ಲ.

ನಮ್ಮ ಯಜಮಾನರು ಅಡಿಕೆ ಕತ್ತರಿಸುತ್ತಿದ್ದವರು ತಲೆ ಎತ್ತದೆ ಹೇಳಿದರು. "ಇಲ್ಲ ಅತ್ತೆ. ಇನ್ನೂ ಓದ್ಸಿ ಅಂತ ಅಪ್ಪಾನೇ ಹೇಳವ್ರೆ. ನನ್ ಕಿವಿಯಾರೆ ಕೇಳೀನಿ."

"ಅಣ್ಣ ಹಂಗಂದ್ನಾ?"

"ಅಂದ್ರು. ಕಡೇ ಮಾತು ಅದೇಯ."

ಸತ್ತವರ ಕಡೆಯ ಮಾತು ಎಂದ ಮೇಲೆ ಯಾರೂ ಎದುರಾಡಲಿಲ್ಲ. ಅದು ಬೈಗುಳ. ನಾನು ಅಲ್ಲೇ ನಿಂತು ಕೇಳಿದ್ದೇನೆ, ಅದರಲ್ಲಿ ಬೈಗುಳವಲ್ಲದೆ ಇನ್ನೇನೂ ಇರಲಿಲ್ಲ. ಮಗಳನ್ನೂ ಬೈದರು, ನನ್ನನ್ನೂ ಬೈದರು. ಆ ಬೈಗುಳದ ಮೇಲೆ ನನ್ನ ಮಗಳು ಹೈಸ್ಕೂಲು ಮುಗಿಸಿದಳು, ಟ್ರೈನಿಂಗ್ ಮುಗಿಸಿದಳು, ಈಗ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ. ನಾನು ಇದನ್ನು ಬರೆದು ಮುಗಿಸಿದ ಮೇಲೆ ಅವಳು ಓದಿ, ತಾತ ಅಷ್ಟೊಂದು ಕೆಟ್ಟವರೇನಮ್ಮ ಎಂದು ಕೇಳುತ್ತಾಳೆ. ಹೌದು ಕಣೇ, ಅಷ್ಟೂ ಕೆಟ್ಟವರು. ನಿನ್ನ ಓದು ಮಾತ್ರ ಅವರದೇ.